ಕಡಲಲ್ಲಿ ಹೂಡಿದ ಉಪ್ಪು

ಬಾಗಿಲ ಮೇಲೆ ಮೂರು ಏಟು ಬಿದ್ದವು.

ಹಾಲವ್ವ ದೀಪದ ಬತ್ತಿ ಎತ್ತರಿಸಿಕೊಂಡು ಹೋಗಿ ಅಗುಳಿ ತೆಗೆದಳು. ಹೊರಗೆ ಅರಮನೆಯ ಇಬ್ಬರು ಭಟರು ನಿಂತಿದ್ದರು.

“ಉಗ್ರಾಣದ ಕೀಲಿಕೈ ತಗೊಂಡು ಹೊಂಡ್ಬೇಕಂತೆ, ಅವ್ವಾರೆ.”

“ಈ ಸರಿಹೊತ್ತಿನಾಗ? ಯಾರು ಹೇಳಿದ್ರಪ್ಪಾ?”

“ಯಾರೂ ಹೇಳಿಲ್ಲ. ಅಪ್ಪಣೆ ಆಗೈತಿ.”

ಒಳಗಿನಿಂದ ಅವಳ ಗಂಡ ಉಚ್ಚೆಂಗಪ್ಪ ಕಂಬಳಿ ಸರಿಸದೆಯೇ ಕೂಗಿದ: “ತಾನಾಗೇ ಆಗಾಕೆ ಅಪ್ಪಣೆ ಅಂದ್ರೇನು ಮಳೆ ಏನ್ರೋ?”

ಭಟರು ಆಗಲೇ ತಿರುಗಿ ನಡೆದಿದ್ದರು. ಹಾಲವ್ವ ಸೆರಗಿನ ತುದಿಗೆ ಕೀಲಿಕೈ ಗಂಟು ಹಾಕಿಕೊಂಡು ಅವರ ಹಿಂದೆ ಹೊರಟಳು.

ಬಹಳ ಹಿಂದೆ, ಅಂದರೆ ಪತ್ರಿಕೆಗಳು ಇನ್ನೂ ಹುಟ್ಟಿರದ ಕಾರಣ ರಾಜರು ತಮ್ಮನ್ನು ತಾವೇ ಹೊಗಳಿಕೊಳ್ಳಬೇಕಾಗಿದ್ದ ಕಾಲದಲ್ಲಿ, ನಡುಸೀಮೆ ಎಂಬ ರಾಜ್ಯವೊಂದಿತ್ತು. ಹೆಸರಿಗೆ ತಕ್ಕಂತೆ ಅದು ಎಲ್ಲದರ ನಡುವೆ ಇತ್ತು. ಯಾವ ದಿಕ್ಕಿಗೆ ಹೊರಟರೂ ಸಮುದ್ರ ಇಪ್ಪತ್ತೆರಡು ದಿನಗಳ ಗಾಡಿ ಪ್ರಯಾಣದಷ್ಟು ದೂರ. ಆದ್ದರಿಂದ ಅಲ್ಲಿಯ ಜನ ಬೇಸಿಗೆ ಬಂತೆಂದರೆ ಚೌಳುನೆಲದ ಮೇಲೆ ಮೂಡುವ ಬಿಳಿ ಹುಡಿಯನ್ನು ಕೆರೆದು, ನೀರಿನಲ್ಲಿ ಕದಡಿ, ಸೋಸಿ, ಬಾನಿಗಳಲ್ಲಿ ಕುದಿಸಿ ಉಪ್ಪು ಮಾಡುತ್ತಿದ್ದರು. ಮಾಡಿದ್ದೆಲ್ಲವೂ ರಾಜನ ಉಗ್ರಾಣ ಸೇರುತ್ತಿತ್ತು. ಅಲ್ಲಿಂದ ತಿಂಗಳಿಗೊಮ್ಮೆ ಮನೆಗೊಂದು ಸೇರಿನಂತೆ ಹಿಂದಿರುಗುತ್ತಿತ್ತು. ಬೇಸಿಗೆಯಲ್ಲಿ ಅಕಾಲದ ಮಳೆ ಬಿದ್ದರೆ ಆ ವರ್ಷ ಉಪ್ಪಿಲ್ಲ. ಅದಕ್ಕೆಂದೇ ಉಗ್ರಾಣದಲ್ಲಿ ಸದಾ ಮೂರು ವರ್ಷದ ಉಪ್ಪು ತುಂಬಿರಬೇಕೆಂಬುದು ನಿಯಮ. ಆ ನಿಯಮವನ್ನು ಇಪ್ಪತ್ತಾರು ವರ್ಷಗಳಿಂದ ಕಾಯುತ್ತಿದ್ದವಳು ಉಗ್ರಾಣದ ಅಧಿಕಾರಿಣಿ ಹಾಲವ್ವ.

ಆ ಉಪ್ಪಿಗೇ ಈಗ ಅಪಾಯ ಬಂದಿತ್ತು. ಅದು ಅವಳಿಗೆ ಉಗ್ರಾಣದ ಮುಂದೆ ಉರಿಯುತ್ತಿದ್ದ ಪಂಜುಗಳನ್ನು ಕಂಡೊಡನೆ ತಿಳಿಯಿತು.

ಶ್ರೀಮನ್ಮಹಾರಾಜ ಅನುಮೋದವರ್ಮರು ರಾತ್ರಿಯುಡುಪಿನ ಮೇಲೆಯೇ ಕಿರೀಟ ಧರಿಸಿ ನಿಂತಿದ್ದರು. ಹಿಂದೆ ಸಭಾಸದರು, ಪಕ್ಕದಲ್ಲಿ ಎತ್ತರದ ನಿಲುವಿನ ಪರದೇಶಿಯೊಬ್ಬ. ಅವನ ಎದೆಯ ಮೇಲೆ ಏಳು ಪದಕಗಳು. ಉಸಿರಾಡಿದರೂ ಕಿಣಿಕಿಣಿ ಸದ್ದು.

“ಇವರು ವಿತ್ತಮಾರ್ತಾಂಡ ವೃದ್ಧಿಶೀಲರು,” ಎಂದರು ಮಹಾಮಂತ್ರಿ ಸಮ್ಮತಿರಾಯರು. “ಅಂತರರಾಷ್ಟ್ರೀಯ ಖ್ಯಾತಿಯ ಅರ್ಥಶಾಸ್ತ್ರಜ್ಞರು, ಹೂಡಿಕೆ ಸಲಹೆಗಾರರು. ಏಳು ದೇಶಗಳಲ್ಲಿ ಸೇವೆ ಸಲ್ಲಿಸಿ ಇಂದು ಸಂಜೆ ದಯಮಾಡಿಸಿದ್ದಾರೆ. ಬಾಗಿಲು ತೆಗೆಯಿರಿ, ಹಾಲವ್ವನವರೇ.”

“ಬೆಳಗ್ಗೆ ನೋಡಿದ್ರೆ ಉಪ್ಪು ಕಾಣಂಗಿಲ್ಲೇನ್ರಿ?”

ವೃದ್ಧಿಶೀಲ ಮಂದಹಾಸ ಬೀರಿದ. “ಹಗಲಿನಲ್ಲಿ ಎಲ್ಲ ಸಂಪತ್ತೂ ಎಚ್ಚರವಿರುವಂತೆ ನಟಿಸುತ್ತದೆ, ತಾಯಿ. ನಿಜ ತಿಳಿಯುವುದು ರಾತ್ರಿಯೇ.”

ಬಾಗಿಲು ತೆರೆಯಿತು. ಅವನು ಒಳಹೊಕ್ಕು ಒಂದು ಚೀಲಕ್ಕೆ ಕಿವಿಯಿಟ್ಟ, ಕಣ್ಣು ಮುಚ್ಚಿದ. ಸಭಾಸದರು ಉಸಿರು ಬಿಗಿಹಿಡಿದರು.

“ಮಲಗಿದೆ,” ಎಂದ.

“ಎಲ್ಲವೂ?” ಎಂದರು ಮಹಾರಾಜರು ಗಾಬರಿಯಿಂದ.

“ಎಲ್ಲವೂ, ಮಹಾಪ್ರಭು. ಮೂರು ವರ್ಷದ ಉಪ್ಪು, ಗಾಢ ನಿದ್ರೆಯಲ್ಲಿ! ಇಷ್ಟೊಂದು ಸೋಮಾರಿ ಸಂಪತ್ತನ್ನು ಒಂದೇ ಸೂರಿನಡಿ ನನ್ನ ವೃತ್ತಿಜೀವನದಲ್ಲಿ ಕಂಡಿರಲಿಲ್ಲ.”

ಮಹಾರಾಜರು ನಾಚಿಕೆಯಿಂದ ಕುಗ್ಗಿದರು. “ನಮಗೆ ಯಾರೂ ತಿಳಿಸಲೇ ಇಲ್ಲ!”

“ಉಪ್ಪು ಕುಂತಲ್ಲಿ ಕುಂತಿದ್ರೇನೆ ಉಪ್ಪು, ಒಡೆಯಾ,” ಎಂದಳು ಹಾಲವ್ವ. “ಎದ್ದು ಓಡಾಡಾಕೆ ಅದೇನು ಎತ್ತಾ?”

ಯಾರೂ ನಗಲಿಲ್ಲ. ಮಹಾರಾಜರು ನಕ್ಕ ನಂತರ ನಗುವುದು ಅಲ್ಲಿಯ ಶಿಷ್ಟಾಚಾರ; ಅವರು ನಗಲಿಲ್ಲ.

ಓದುಗ ಮಹನೀಯರು ಇಲ್ಲಿ ವೃದ್ಧಿಶೀಲರ ವೃತ್ತಿಜೀವನದ ಸ್ಥೂಲ ಪರಿಚಯ ಮಾಡಿಕೊಳ್ಳುವುದು ಒಳಿತು. ಅವರ ಪ್ರಥಮ ನೇಮಕ ಕ್ಷೀರಪುರದಲ್ಲಿ. ಹಸುಗಳು ಚಂಚಲ ಆಸ್ತಿ, ಪಾತ್ರೆಗಳು ಸ್ಥಿರ ಆಸ್ತಿ ಎಂದು ಸಂಶೋಧಿಸಿ ಅಲ್ಲಿಯ ಹಸುಗಳನ್ನೆಲ್ಲ ಮಾರಿಸಿ ಹಾಲು ಕರೆಯುವ ಬೆಳ್ಳಿಯ ಬಿಂದಿಗೆಗಳನ್ನು ಕೊಳ್ಳಿಸಿದರು. ಬಳಿಕ ವಜ್ರದುರ್ಗ. ಆ ಕೋಟೆಯನ್ನು ನೂರು ವರ್ಷಗಳಿಂದ ಅತ್ಯಂತ ಆಸಕ್ತಿಯಿಂದ ಗಮನಿಸುತ್ತಿದ್ದವರು ಅದರ ಶತ್ರುಗಳು; ಇಷ್ಟು ಆಸಕ್ತಿಯುಳ್ಳ ಬಾಡಿಗೆದಾರರು ಬೇರೆಲ್ಲಿ ದೊರೆಯುತ್ತಾರೆಂದು ಕೇಳಿ, ಕೋಟೆಯನ್ನು ಅವರಿಗೇ ಬಾಡಿಗೆಗೆ ಕೊಡಿಸಿದರು. ಶತ್ರುಗಳು ಸಕಾಲಕ್ಕೆ ಪ್ರವೇಶ ಮಾಡಿದರು, ಬಾಡಿಗೆ ಮಾತ್ರ ಕೊಡಲಿಲ್ಲ. ಉಳಿದ ಐದು ದೇಶಗಳ ವಿವರ ಲಭ್ಯವಿಲ್ಲ. ವಿವರ ನೀಡಬೇಕಾದ ದೇಶಗಳೇ ಈಗ ಲಭ್ಯವಿಲ್ಲ.

ಹಾಗಾದರೆ ಪದಕಗಳು ಎಲ್ಲಿಂದ ಬಂದವು? ಉತ್ತರ ಸರಳ. ಮೋಸಹೋದೆನೆಂದು ಒಪ್ಪಿಕೊಳ್ಳುವುದಕ್ಕಿಂತ ಮೋಸ ಮಾಡಿದವನನ್ನು ಸನ್ಮಾನಿಸುವುದು ಯಾವ ಅರಸನಿಗೂ ಅಗ್ಗ. ಮೇಲಾಗಿ ತನ್ನ ದೇಶ ಮುಳುಗಿದಾಗ ನೆರೆಯ ದೇಶ ತೇಲುತ್ತಿರುವುದನ್ನು ಯಾರು ತಾನೇ ಸಹಿಸುತ್ತಾರೆ? ಹೀಗಾಗಿ ಪ್ರತಿಯೊಬ್ಬ ಅರಸನೂ ಪದಕ ತೊಡಿಸಿ, ಪ್ರಶಸ್ತಿಪತ್ರ ಬರೆದು, ತನ್ನದೇ ಖರ್ಚಿನಲ್ಲಿ ಪಲ್ಲಕ್ಕಿ ಮಾಡಿ ಅವರನ್ನು ಪಕ್ಕದ ದೇಶಕ್ಕೆ ಕಳುಹಿಸಿಕೊಟ್ಟಿದ್ದ.

ಮರುದಿನ ಬೆಳಿಗ್ಗೆ ರಾಜಸಭೆ ಕಿಕ್ಕಿರಿದು ತುಂಬಿತ್ತು.

“ಮಹಾಪ್ರಭು,” ಎಂದು ಆರಂಭಿಸಿದ ವೃದ್ಧಿಶೀಲ, “ಜಗತ್ತಿನಲ್ಲಿ ಉಪ್ಪಿನ ವ್ಯವಹಾರದ ಅತಿದೊಡ್ಡ ಸಂಸ್ಥೆ ಯಾವುದು?”

ಮಹಾರಾಜರು ಮಹಾಮಂತ್ರಿಯನ್ನು ನೋಡಿದರು. ಮಹಾಮಂತ್ರಿ ನೆಲವನ್ನು ನೋಡಿದರು.

“ಸಮುದ್ರ! ಸಕಲ ದೇಶಗಳಲ್ಲೂ ಅದಕ್ಕೆ ಶಾಖೆಗಳಿವೆ. ಸೃಷ್ಟಿಯಾದಂದಿನಿಂದ ಒಂದು ದಿನವೂ ಬಾಗಿಲು ಮುಚ್ಚಿಲ್ಲ. ಅದರಲ್ಲಿ ಉಪ್ಪು ಮುಗಿಯಿತೆಂದು ಯಾವ ದೇಶದಿಂದಲೂ ದೂರು ಬಂದಿಲ್ಲ. ನಮ್ಮ ಉಪ್ಪನ್ನು ಅಲ್ಲಿ ಹೂಡಿದರೆ ನಡುಸೀಮೆ ಒಂದೇ ದಿನದಲ್ಲಿ ಅಂತರರಾಷ್ಟ್ರೀಯ ಶಕ್ತಿಯಾಗುತ್ತದೆ.”

“ಆದಾಯ?” ಎಂದರು ಮಹಾರಾಜರು.

“ದಿನಕ್ಕೆ ಎರಡು ಬಾರಿ ಏರುತ್ತದೆ.”

ಸಭೆಯಲ್ಲಿ ಮರ್ಮರ ಎದ್ದಿತು. ಅಲ್ಲಿದ್ದ ಒಬ್ಬರೂ ಸಮುದ್ರವನ್ನು ಕಂಡವರಲ್ಲ. ಕಂಡಿಲ್ಲವೆಂದು ಹೇಳುವ ಧೈರ್ಯವೂ ಒಬ್ಬರಿಗಿರಲಿಲ್ಲ.

“ಏರಿದ್ದು ಇಳಿಯುವುದಿಲ್ಲವೋ?” ಎಂದು ಕೇಳಿದ ಮಹಾರಾಜರು ತಮ್ಮ ಪ್ರಶ್ನೆಯ ಸೂಕ್ಷ್ಮತೆಗೆ ತಾವೇ ಬೆರಗಾದರು.

“ಇಳಿಯುತ್ತದೆ. ಅದಕ್ಕೆ ನಾವು ಆರೋಗ್ಯಕರ ತಿದ್ದುಪಡಿ ಎನ್ನುತ್ತೇವೆ. ಇಂಥ ಪ್ರಶ್ನೆ ಕೇಳಿದ ಅರಸರು ಏಳು ದೇಶಗಳಲ್ಲಿ ಒಬ್ಬರೂ ಇರಲಿಲ್ಲ!”

ಮಹಾರಾಜರು ಮೀಸೆಯ ತುದಿಯನ್ನು ಮುಟ್ಟಿಕೊಂಡರು. ಆಗಲೇ ನಿರ್ಣಯ ಆಗಿಹೋಗಿತ್ತು.

“ಸ್ವಾಮೇರ,” ಎಂದು ಹಾಲವ್ವ ಮುಂದೆ ಬಂದಳು. “ಸಮುದ್ರ ಅಂದ್ರೆ ನೀರೇ ಹೌದಲ್ರಿ?”

“ಸ್ಥೂಲವಾಗಿ ಹೇಳುವುದಾದರೆ, ಹೌದು.”

“ನೀರಿಗೆ ಹಾಕಿದ್ರೆ ಉಪ್ಪು ಕರಗ್ತೈತಿ.”

“ಕರಗುವುದಲ್ಲ ತಾಯಿ, ಅದು ವಿಲೀನ. ಸಣ್ಣ ಸಂಸ್ಥೆ ದೊಡ್ಡ ಸಂಸ್ಥೆಯಲ್ಲಿ ವಿಲೀನವಾಗುವುದು ಪ್ರಗತಿಯ ಲಕ್ಷಣ.”

“ಅದೆಂಥದ್ದಾರ ಆಗ್ಲಿ. ವಾಪಸ್ ಚೀಲಕ್ಕೆ ಬರ್ತೈತೋ ಇಲ್ವೋ, ಅದೊಂದು ಹೇಳ್ರಿ. ನಮ್ಮೂರು ಚೌಳಗೆರೆಯಿಂದ ಹಿಡಿದು ಈ ಅರಮನೆ ಬಾಗಿಲವರೆಗೂ ಮಂದಿ ತಿಂಗಳಾತು ಅಂದ್ರೆ ನನ್ನ ಮುಂದೆ ಮಡಿಕೆ ಹಿಡಿದು ನಿಂದರ್ತಾರೆ. ಅವರಿಗೆ ನಾನು ಏನು ಅಳೆದು ಹಾಕ್ಲಿ, ವಿಲೀನಾನಾ?”

ಮಹಾಮಂತ್ರಿ ಕೆಮ್ಮಿದರು. ಮತಕ್ಕೆ ಹಾಕುವ ಹೊತ್ತಾಗಿತ್ತು.

ನಡುಸೀಮೆಯಲ್ಲಿ ನಿರ್ಣಯಗಳನ್ನು ತಲೆಯಾಡಿಸಿ ಅಂಗೀಕರಿಸುವ ಪದ್ಧತಿಯಿತ್ತು. ಆಡಳಿತ ಸುಧಾರಣೆಯ ಅಂಗವಾಗಿ ಹಿಂದಿನ ಮಹಾರಾಜರು ತಂದದ್ದು ಇದು. ಕರಣಿಕ ಅಳಸಿಂಗ ಪೀಠದ ಪಕ್ಕದಲ್ಲಿ ಕುಳಿತು ಆಡಿದ ತಲೆಗಳನ್ನು ಎಣಿಸುತ್ತಿದ್ದ. ಎಣಿಕೆ ಮಾತ್ರ ಕಡತ ಸೇರುತ್ತಿತ್ತು. ತಲೆ ಯಾರದೆಂದು ಬರೆಯುವಂತಿಲ್ಲ, ಏಕೆಂದರೆ ಅದರಿಂದ ಕಡತ ದಪ್ಪವಾಗುತ್ತದೆ. ಒಪ್ಪದವರು ಮಾತ್ರ ತಮ್ಮ ಹೆಸರು, ತಂದೆಯ ಹೆಸರು, ಊರು ಬರೆದು ರುಜು ಹಾಕಬೇಕು. ಆ ಹಾಳೆ ನಲವತ್ತು ವರ್ಷಗಳಿಂದ ಖಾಲಿಯಿತ್ತು. ನಡುಸೀಮೆಯಲ್ಲಿ ಭಿನ್ನಾಭಿಪ್ರಾಯವೇ ಇಲ್ಲವೆಂದು ಮಹಾರಾಜರು ಪ್ರವಾಸಿಗರಿಗೆ ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದರು.

ತಲೆಗಳು ಆಡಿದವು. ತೂಕಡಿಸುತ್ತಿದ್ದ ದಂಡನಾಯಕರ ತಲೆ ಎರಡು ಬಾರಿ ಆಡಿತು; ಅಳಸಿಂಗ ನ್ಯಾಯವಂತನಾದ್ದರಿಂದ ಒಂದೇ ಎಂದು ಎಣಿಸಿದ.

“ಹನ್ನೊಂದು,” ಎಂದು ಘೋಷಿಸಿದ.

“ನಂದು ಒಪ್ಪಿಗೆ ಇಲ್ಲ,” ಎಂದಳು ಹಾಲವ್ವ. “ಎಲ್ಲೈತಿ ಆ ಹಾಳೆ?”

ಮಹಾಮಂತ್ರಿ ಅವಳ ಬಳಿ ಬಂದು ದನಿ ತಗ್ಗಿಸಿದರು. “ಹಾಲವ್ವನವರೇ, ಹೆಸರು ಬರೆಯಬೇಕಾಗುತ್ತದೆ. ಸ್ವಲ್ಪ ಯೋಚಿಸಿ. ನಮ್ಮಂತೆ ಸುಮ್ಮನೆ ಕತ್ತು ಅಲುಗಿಸಿದರೆ ಯಾರಿಗೂ ನೋವಿಲ್ಲ.”

“ನಿಮ್ಮ ಕತ್ತಿಗೆ ರೂಢಿ ಆಗೈತಿ, ಬುದ್ಧಿ. ನಂದು ಉಪ್ಪಿನ ಚೀಲ ಹೊತ್ತ ಕತ್ತು, ಹಂಗೆಲ್ಲ ಅಲ್ಲಾಡಂಗಿಲ್ಲ.”

ಅವಳು ಬರೆದಳು. ಅಕ್ಷರ ದೊಡ್ಡದಾಗಿತ್ತು. ಮಹಾರಾಜರು ಆ ಕಡೆ ನೋಡಲಿಲ್ಲ; ಅವರು ಆಗಲೇ ಮೆರವಣಿಗೆಯ ಬಗ್ಗೆ ಯೋಚಿಸುತ್ತಿದ್ದರು.

ನಾನೂರು ಗಾಡಿಗಳು ಹೊರಟವು. ಎತ್ತುಗಳ ಕೊಂಬಿಗೆ ಹೂವಿನ ಹಾರ, ಮುಂದೆ ಡೊಳ್ಳು, ಹಿಂದೆ ಆಸ್ಥಾನದ ಕವಿಗಳು. ಚೀಲಗಳ ಲೆಕ್ಕ ಒಪ್ಪಿಸಲು ಹಾಲವ್ವನೂ ಹೋಗಲೇಬೇಕಾಯಿತು. ಪ್ರತಿ ರಾತ್ರಿ ಗಾಡಿ ಬಿಟ್ಟಲ್ಲಿ ಅವಳು ಗಾಡಿಯಾಳುಗಳಿಗೆ ಹೇಳುತ್ತಿದ್ದಳು: “ನಾಳೆ ದಾರಿ ತಪ್ಪಿಸ್ರಪ್ಪಾ.” ಅವರೂ ಎರಡು ಸಲ ತಪ್ಪಿಸಿದರು. ಆದರೆ ಸಮುದ್ರವೆಂಬುದು ತಪ್ಪಿಸಿಕೊಳ್ಳಲಾಗದಷ್ಟು ಅಗಲವಾಗಿತ್ತು.

ದಡದಲ್ಲಿ ಬಲೆ ಹೊಲಿಯುತ್ತ ಕುಳಿತಿದ್ದ ಮೀನುಗಾರನೊಬ್ಬ ಮೊದಲ ಹತ್ತು ಚೀಲಗಳನ್ನು ಸುಮ್ಮನೆ ನೋಡಿದ. ಹನ್ನೊಂದನೆಯದು ನೀರಿಗೆ ಸುರಿದಾಗ ಎದ್ದು ಬಂದ.

“ಎಂತ ಮಾಡ್ತಿದ್ದೀರಿ ಮಾರಾಯ್ರೆ? ಸಮುದ್ರಕ್ಕೆ ಉಪ್ಪು ಕಡಿಮೆ ಆಯ್ತು ಅಂತ ಯಾರು ಹೇಳಿದ್ದು?”

“ಹೂಡಿಕೆ,” ಎಂದ ವೃದ್ಧಿಶೀಲ ಗಂಭೀರವಾಗಿ.

“ಹಾಂ?” ಮೀನುಗಾರ ಹಾಲವ್ವನತ್ತ ತಿರುಗಿದ. “ಅಕ್ಕಾ, ಇವರಿಗೆ ಬಿಸಿಲು ತಾಗಿದ್ದಾ?”

“ಬಿಸಿಲಲ್ಲಪ್ಪಾ, ಪದಕ,” ಎಂದಳು ಹಾಲವ್ವ. ಅಷ್ಟು ಹೇಳಿ ಮೊಣಕಾಲುದ್ದ ನೀರಿಗಿಳಿದು, ಸುರಿದ ಉಪ್ಪನ್ನು ಎರಡೂ ಕೈಗಳಿಂದ ಬಾಚಿದಳು. ಬೆರಳ ಸಂದಿಯಿಂದ ನೀರು ಇಳಿದುಹೋಯಿತು. ಮತ್ತೆ ಬಾಚಿದಳು. ಭಟರು ಅವಳನ್ನು ರಟ್ಟೆ ಹಿಡಿದು ದಡಕ್ಕೆ ತಂದರು. ಸಂಜೆಯವರೆಗೆ ಅವಳು ಖಾಲಿ ಚೀಲಗಳನ್ನು ಒಂದೊಂದಾಗಿ ಕೊಡವುತ್ತ ಕುಳಿತಳು. ನೂಲಿಗೆ ಅಂಟಿದ್ದ ಉಪ್ಪು ಎಲ್ಲ ಸೇರಿ ಎರಡು ಬುಟ್ಟಿಯಾಯಿತು. ಅದನ್ನವಳು ಊರಿಗೆ ತಂದು ಬಾಣಂತಿಯರಿರುವ ಮನೆಗಳಿಗೆ ಹಿಡಿಹಿಡಿ ಹಂಚಿದಳು. ಇದು ಅವಧಿಪೂರ್ವ ಹಿಂಪಡೆತವಾದ್ದರಿಂದ ಅವಳ ಆ ವರ್ಷದ ಸಂಬಳವನ್ನು ದಂಡವಾಗಿ ಹಿಡಿಯಲಾಯಿತು.

ವೃದ್ಧಿಶೀಲ ಮಾತ್ರ ಬರಿಗೈಯಲ್ಲಿ ಬರಲಿಲ್ಲ. ಮೊಹರು ಹಾಕಿದ ತಾಮ್ರದ ಗಿಂಡಿಯಲ್ಲಿ ಸಮುದ್ರದ ನೀರು ತಂದು ಸಿಂಹಾಸನದ ಮುಂದಿಟ್ಟ. “ಠೇವಣಿಯ ರಸೀದಿ, ಮಹಾಪ್ರಭು. ತಾವೇ ಪರೀಕ್ಷಿಸಬಹುದು.”

ಮಹಾರಾಜರು ಬೆರಳದ್ದಿ ನಾಲಗೆಗೆ ಮುಟ್ಟಿಸಿದರು. ಅವರ ಮುಖ ಅರಳಿತು. “ಉಪ್ಪಿದೆ!”

“ಉಪ್ಪಿದೆ!” ಎಂದಿತು ಸಭೆ. ಮಂತ್ರಿಗಳೆಲ್ಲ ಸಾಲಾಗಿ ಬಂದು ಬೆರಳದ್ದಿ ಖಾತರಿಪಡಿಸಿಕೊಂಡರು. ಕೊನೆಯ ಮಂತ್ರಿಯ ಸರದಿ ಬರುವಷ್ಟರಲ್ಲಿ ರಸೀದಿ ಅರ್ಧವಾಗಿತ್ತು.

ತಿಂಗಳ ಮೊದಲ ದಿನ ಜನ ಮಡಿಕೆ ಹಿಡಿದು ಉಗ್ರಾಣದ ಮುಂದೆ ಸಾಲು ನಿಂತರು. ಅವರಿಗೆ ಮನೆಗೊಂದರಂತೆ ಓಲೆ ಕೊಡಲಾಯಿತು. ಅದರಲ್ಲಿ ಚಂದದ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ‘ಈ ಕುಟುಂಬವು ಸಮುದ್ರದಲ್ಲಿ ಹದಿನೇಳು ಅಲೆಗಳ ಒಡೆತನ ಹೊಂದಿದೆ.’

“ಇದನ್ನ ಸಾರಿಗೆ ಹಾಕೋದಾ, ಮೇಲೆ ಉದುರಿಸ್ಕಳಾದಾ?” ಎಂದು ಮರುತಿಂಗಳ ಸಾಲಿನಲ್ಲಿ ಒಬ್ಬಾಕೆ ಕೇಳಿದಳು.

“ಹಾಕಿ ನೋಡಿದೆ ಕಣಕ್ಕ, ಮಸಿ ಬಿಟ್ಕಂತು,” ಎಂದಳು ಹಿಂದೆ ನಿಂತವಳು. “ನಮ್ಮೆಜಮಾನ್ರು ಮುದ್ದೆ ಮುಂದೆ ಕುಂತ್ಕಂಡು ಅಳ್ತಾರೆ. ಆ ಕಣ್ಣೀರಾದ್ರೂ ಒಳಗೆ ಬೀಳ್ಲಿ ಅಂತ ನಾನೂ ಸುಮ್ನಿದೀನಿ.”

ಆ ಬೇಸಿಗೆಯಲ್ಲಿ ಅಕಾಲದ ಮಳೆ ಬಿತ್ತು. ಚೌಳುನೆಲದ ಬಿಳಿ ಹುಡಿ ಕೊಚ್ಚಿಹೋಯಿತು. ದನಗಳು ಗೋಡೆ ನೆಕ್ಕತೊಡಗಿದವು, ಆಮೇಲೆ ಮಲಗತೊಡಗಿದವು. ಅರಮನೆಯಿಂದ ರಾಜಾಜ್ಞೆ ಹೊರಟಿತು: ಇನ್ನು ಮುಂದೆ ‘ಸಪ್ಪೆ’ ಎಂಬ ಪದವನ್ನು ಬಳಸತಕ್ಕದ್ದಲ್ಲ, ‘ಮೂಲರುಚಿ’ ಎನ್ನತಕ್ಕದ್ದು. ಊಟದ ವೇಳೆ ಮುಖ ಸಿಂಡರಿಸುವುದು ವಿದೇಶಿ ಹೂಡಿಕೆಗೆ ಅಪಚಾರ.

ಜನ ಅರಮನೆಯ ಮುಂದೆ ಸೇರತೊಡಗಿದಾಗ, ಸ್ವಲ್ಪ ಉಪ್ಪನ್ನು ಹಿಂಪಡೆಯಲೆಂದು ಸಮುದ್ರಕ್ಕೆ ದೂತನನ್ನು ಕಳುಹಿಸಲಾಯಿತು. ಅವನು ದಡದಲ್ಲಿ ನಿಂತು ರಾಜಪತ್ರವನ್ನು ಗಟ್ಟಿಯಾಗಿ ಓದಿದ. ಅಲೆಯೊಂದು ಬಂದು ಅವನ ಎರಡೂ ಚಪ್ಪಲಿಗಳನ್ನು ಎಳೆದುಕೊಂಡು ಹೋಯಿತು.

“ಸೇವಾಶುಲ್ಕ,” ಎಂದು ವಿವರಿಸಿದ ವೃದ್ಧಿಶೀಲ.

ಅರಮನೆಯ ಹೊರಗೆ ಗದ್ದಲ ಹೆಚ್ಚುತ್ತಲೇ ಇತ್ತು. ಮಹಾರಾಜರು ಕಿಟಕಿಯ ಪರದೆ ಸರಿಸಿ ನೋಡಿ, ಮತ್ತೆ ಮುಚ್ಚಿದರು. “ಇವರಿಗೆ ಉಪ್ಪು ಕೊಡಲಾಗದಿದ್ದರೆ ಒಂದು ಹೆಸರನ್ನಾದರೂ ಕೊಡಬೇಕು,” ಎಂದರು. “ಈ ನಿರ್ಣಯಕ್ಕೆ ಹೊಣೆ ಯಾರು? ಪತ್ತೆಯಾಗಲಿ. ಅಪರಾಧಿಯ ಮನೆ, ನೆಲ ಮುಟ್ಟುಗೋಲಾಗಿ ಅವನು ಗಡಿಯಾಚೆ ಹೋಗತಕ್ಕದ್ದು.”

ವಿಚಾರಣಾ ಆಯೋಗ ರಚನೆಯಾಯಿತು. ಅಧ್ಯಕ್ಷ ಸ್ಥಾನಕ್ಕೆ ವೃದ್ಧಿಶೀಲರ ಹೆಸರು ಅವಿರೋಧವಾಗಿ ಬಂತು. ದೇಶಗಳು ದಿವಾಳಿಯಾಗುವುದನ್ನು ಅವರಷ್ಟು ಹತ್ತಿರದಿಂದ, ಅದೂ ಏಳು ಬಾರಿ ಕಂಡ ತಜ್ಞ ಮತ್ತೊಬ್ಬನಿರಲಿಲ್ಲ.

ಸಾಕ್ಷ್ಯ ಮೂರು ದಿನ ನಡೆಯಿತು. ತಾವು ತಲೆಯಾಡಿಸಿದ್ದು ಅದರ ಹಿಂದಿನ ವಿಷಯಕ್ಕೆಂದು ಮಹಾಮಂತ್ರಿಗಳು ಪ್ರಮಾಣ ಮಾಡಿದರು. ಶಿರಸ್ತ್ರಾಣದ ಭಾರಕ್ಕೆ ತಲೆ ತಾನಾಗಿಯೇ ಬಾಗಿತೆಂದರು ದಂಡನಾಯಕರು.

“ನನ್ನ ಮೂಗಿನ ಮೇಲೆ ನೊಣ ಕುಳಿತಿತ್ತು,” ಎಂದರು ಕೃಷಿಮಂತ್ರಿಗಳು.

“ನೊಣವನ್ನು ಹಾಜರುಪಡಿಸಬಲ್ಲಿರಾ?” ಎಂದು ಕೇಳಿದ ಅಧ್ಯಕ್ಷ.

“ಅದು ಈಗ ಸೇವೆಯಲ್ಲಿಲ್ಲ.”

ಹನ್ನೊಂದು ತಲೆಗಳು ಆಡಿದ್ದು ದಾಖಲೆಯಲ್ಲಿತ್ತು. ಆಡಿಸಿದವರು ಮಾತ್ರ ಒಬ್ಬರೂ ಇರಲಿಲ್ಲ. ಮೂರನೆಯ ದಿನ ಸಂಜೆ ವೃದ್ಧಿಶೀಲ ಕಡತ ತರಿಸಿದ. ಅಳಸಿಂಗ ಒಂದೊಂದೇ ಹಾಳೆ ತಿರುವಿದ. ಒಂದು ಹಾಳೆಯ ಬಳಿ ಅವನ ಕೈ ನಿಂತಿತು. ಅಧ್ಯಕ್ಷ ಬಾಗಿ ನೋಡಿದ, ಬಹಳ ಹೊತ್ತು ನೋಡಿದ; ಮುಗುಳ್ನಕ್ಕು ಕಡತ ಮುಚ್ಚಿದ.

“ಸ್ವಾಮಿ, ಆದರೆ ಅದು...” ಎಂದು ಅಳಸಿಂಗ ತೊದಲಿದ.

“ಬರೆದುಕೊಳ್ಳಿ, ಕರಣಿಕರೇ,” ಎಂದ ವೃದ್ಧಿಶೀಲ. ಅಳಸಿಂಗ ತಲೆಯಾಡಿಸಿದ.

ಮರುದಿನ ಅರಮನೆಯ ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಮುಂದಿನ ಸಾಲಿನಲ್ಲಿ ಹಾಲವ್ವ, ಪಕ್ಕದಲ್ಲಿ ಉಚ್ಚೆಂಗಪ್ಪ.

“ಬಿಸಿಲಾಗ ಬಂದು ನಿಂತೀಯಲ್ಲ, ಯಾರ ಹೆಸ್ರು ಬರ್ತೈತಿ ಅಂತೀ?” ಎಂದ ಅವನು.

“ಯಾರದಾರ ಬರ್ಲಿ. ಇಪ್ಪತ್ತಾರು ವರ್ಷ ಕಾದ ಉಪ್ಪು. ಹಾಳು ಮಾಡಿದೋರು ಯಾರು ಅಂತ ಕಿವಿಯಾರ ಕೇಳಿಯೇ ಮನಿಗೆ ಹೋಗಾದು.”

“ಆ ದೊಡ್ಡ ಮಂತ್ರೀದಿರ್ಬೇಕು. ನೋಡು, ಹೆಂಗ ಬೆವರ್ತಾನೆ.”

“ಎಲ್ಲಾರೂ ಬೆವರ್ತಾರೆ ತಗೋ. ಸುಮ್ನಿರು, ಓದ್ತಾರೆ.”

ತಮಟೆ ನಿಂತಿತು. ಮಹಾಮಂತ್ರಿ ಸಮ್ಮತಿರಾಯರು ವರದಿಯ ಮೊಹರು ಒಡೆದರು. ಮೊದಲಿಗೆ ವೃದ್ಧಿಶೀಲರಿಗೆ ‘ಸಾಗರಬಂಧು’ ಬಿರುದನ್ನೂ ಎಂಟನೆಯ ಪದಕವನ್ನೂ ಪ್ರಕಟಿಸಿದರು. ರಾಜರುಗಳ ಮಹಾಒಕ್ಕೂಟವು ಅವರನ್ನು ಐವತ್ತಾರು ದೇಶಗಳ ಪ್ರಧಾನ ಸಲಹೆಗಾರರನ್ನಾಗಿ ಆರಿಸಿರುವುದನ್ನು ತಿಳಿಸಿ ಚಪ್ಪಾಳೆಗಾಗಿ ಕಾದರು. ಅವರ ಪಲ್ಲಕ್ಕಿಯ ವೆಚ್ಚ ಹಾಗೂ ಸಮುದ್ರದ ವಾರ್ಷಿಕ ನಿರ್ವಹಣೆಗಾಗಿ ಪ್ರತಿ ಮನೆಯೂ ಅಲೆಗಂದಾಯ ಕೊಡತಕ್ಕದ್ದೆಂದು ಸಾರಿದರು. ಅಲ್ಲಿಗೆ ಒಂದು ಹಾಳೆ ಮುಗಿಯಿತು.

ಎರಡನೆಯ ಹಾಳೆಯನ್ನು ಅವರು ತಲೆಯೆತ್ತದೆ ಓದಿದರು: “ಕಡತವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿ ನಿರ್ಣಯದ ಸಂಬಂಧವಾಗಿ ಅದರಲ್ಲಿ ಒಂದೇ ಒಂದು ಹೆಸರು ರುಜುಸಹಿತ ದೊರೆತಿರುವುದರಿಂದ, ಆ ವ್ಯಕ್ತಿಯೇ ಅಪರಾಧಿಯೆಂದು ಆಯೋಗವು ಸರ್ವಾನುಮತದಿಂದ ತೀರ್ಮಾನಿಸಿದೆ.”

ಹಾಲವ್ವ ಸರಿಯಾಗಿ ಕೇಳಿಸಲೆಂದು ಕಿವಿಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು.

“ಹಾಲವ್ವ, ತಂದೆ ಕರಿಬಸಪ್ಪ, ಊರು ಚೌಳಗೆರೆ.”